ನಿಮ್ಮೂರ ನೀರಿನ ತಪ್ಪಲ್ಲ

ಮಂಜುಳಾ, ನಿಮ್ಮ ಹಲ್ಲುಗಳನ್ನು ಸವೆಸಿದವಳು ನಾನು. ಸಹಕಾರನಗರದ ನನ್ನ ಕ್ಲಿನಿಕ್ಕಿನಲ್ಲಿ, ಹಾಡುಹಗಲಲ್ಲಿ, ನೀವು ಬಾಯಿ ತೆರೆದು ನನ್ನೆದುರು ಮಲಗಿದ್ದಾಗ, ನನ್ನ ಕೈಯಲ್ಲಿದ್ದ ಯಂತ್ರದಿಂದ ಸವೆಸಿದೆ. ಆಮೇಲೆ ಆ ತಪ್ಪನ್ನು ನಿಮ್ಮೂರಿನ ನೀರಿನ ಮೇಲೆ ಹಾಕಿದವಳೂ ನಾನೇ. ಇಷ್ಟು ವರ್ಷ ನೀವು ಅದನ್ನು ನಂಬಿಕೊಂಡು ಬಂದಿರಿ. ನಂಬಿದ್ದಲ್ಲದೆ ನನಗೆ ಕೈ ಬೇರೆ ಮುಗಿದಿರಿ.

ಆಗ ನಿಮ್ಮನ್ನು ‘ನೀನು’ ಎನ್ನುತ್ತಿದ್ದೆ. ನನಗಿಂತ ಹದಿನೈದು ವರ್ಷ ಚಿಕ್ಕವರು, ಮದುಮಗಳು ಬೇರೆ, ಸಲಿಗೆ ತಾನಾಗಿ ಬಂದಿತ್ತು. ಈಗ ಆ ಸಲಿಗೆ ಬಾಯಿಗೆ ಬರುತ್ತಿಲ್ಲ.

ಮೊದಲಿನಿಂದ ಹೇಳುತ್ತೇನೆ — ನಿಮಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಏಕೆಂದರೆ ಅದರಲ್ಲಿ ಅರ್ಧ ನಾನು ನಿಮಗೆ ತಪ್ಪಾಗಿ ತಿಳಿಸಿದ್ದು. ಅದು ಆಷಾಢ. ಶ್ರಾವಣ ಹುಟ್ಟುತ್ತಲೇ ನಿಮ್ಮ ಮದುವೆ. ನಿಮ್ಮನ್ನು ಕರೆತಂದವರು ಅತ್ತೆಯಾಗಲಿದ್ದ ಜಯಮ್ಮ. ಅಬ್ಬಿಗೆರೆಯ ಹಳೆಯ ಮನೆತನ, ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲೆಲ್ಲ ಆಗಲೇ ಬಾಡಿಗೆ ಮನೆಗಳು ಎದ್ದಿದ್ದವು. ನೀವು ಬೆಳೆದದ್ದು ಗೌರಿಬಿದನೂರಿನ ಕಡೆಯ ಹಳ್ಳಿಯಲ್ಲಿ, ಅಜ್ಜಿಯ ಮನೆಯಲ್ಲಿ. ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಮಕ್ಕಳ ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗಲೇ ಅದರ ಕಂದು ಪಟ್ಟೆ ಕೂತುಬಿಡುತ್ತದೆ. ನಿಮಗೂ ಮುಂದಿನ ಆರು ಹಲ್ಲುಗಳಲ್ಲಿ ಆ ಪಟ್ಟೆ ಇತ್ತು.

ಅದಕ್ಕೆ ನೀವೇನೂ ನಾಚುತ್ತಿರಲಿಲ್ಲ. ಅದು ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ. ಇಂಥ ಹಲ್ಲಿನವರು ನಗುವಾಗ ಕೈ ಅಡ್ಡ ಹಿಡಿಯುತ್ತಾರೆ, ಇಲ್ಲವೇ ತುಟಿ ಬಿಗಿಹಿಡಿದು ನಗುತ್ತಾರೆ. ನೀವು ಬಾಯ್ತುಂಬ ನಕ್ಕಿರಿ. ನಮ್ಮೂರಲ್ಲಿ ಎಲ್ಲರ ಹಲ್ಲೂ ಹೀಗೇ ಮೇಡಂ, ನಮ್ಮಕ್ಕ ಇದೇ ಹಲ್ಲಲ್ಲಿ ಕಬ್ಬು ಸಿಗೀತಾಳೆ ಎಂದಿರಿ. ಕಸಿವಿಸಿ ಇದ್ದದ್ದು ಜಯಮ್ಮನಿಗೆ. ನಿಶ್ಚಿತಾರ್ಥದ ದಿನ ಬಂಧುಗಳಲ್ಲಿ ಯಾರೋ, ಹುಡುಗಿ ಎಲೆಅಡಿಕೆ ಹಾಕ್ತಾಳಾ ಎಂದು ಕೇಳಿದ್ದರಂತೆ. ಮದುವೆಯ ಫೋಟೋದಲ್ಲಿ ಅದು ಕಾಣಬಾರದು — ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ಆವತ್ತು ನಾನು ನಿಮಗೆ ಎರಡು ಬಗೆಯ ವೆನೀರ್ ವಿವರಿಸಿದೆ. ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ ಅದು. ಒಂದು ಬಗೆಯಲ್ಲಿ, ಹುಳುಕಿಗೆ ತುಂಬುವ ಬಿಳಿ ಸಿಮೆಂಟಿನಂಥದ್ದನ್ನೇ ಹಲ್ಲಿನ ಮೇಲೆ ಪದರ ಪದರವಾಗಿ ಹಚ್ಚಿ ಗಟ್ಟಿ ಮಾಡುತ್ತೇವೆ. ಒಂದೇ ದಿನದಲ್ಲಿ ಮುಗಿಯುತ್ತದೆ, ಹಲ್ಲನ್ನು ಉಜ್ಜಬೇಕಾದದ್ದು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಕಾಫಿಗೆ ಬಣ್ಣ ಹಿಡಿಯುತ್ತದೆ, ಚೂರೇಳುತ್ತದೆ, ಕೆಲವು ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು. ಇನ್ನೊಂದು ಪಿಂಗಾಣಿಯದು. ಹೊಳಪು, ಬಾಳಿಕೆ ಎಲ್ಲ ಅದರಲ್ಲಿ ಹೆಚ್ಚು. ಆದರೆ ಅದನ್ನು ಕೂರಿಸಲು ಜಾಗ ಬೇಕು. ಆ ಜಾಗಕ್ಕಾಗಿ ಹಲ್ಲಿನ ಮೇಲಿನ ಗಟ್ಟಿ ಪದರವನ್ನು ತೆಳುವಾಗಿ ಕೊರೆದು ತೆಗೆಯಬೇಕು. ತೆಗೆದದ್ದು ಮತ್ತೆ ಬೆಳೆಯುವುದಿಲ್ಲ. ಅದು ಉಗುರಲ್ಲ, ಕೂದಲಲ್ಲ.

ಈ ಕೊನೆಯ ಮಾತನ್ನು ನಿಮಗೆ ಹೇಳಲಿಲ್ಲ. ಹೇಳುವವಳಿದ್ದೆ — ಅಷ್ಟರಲ್ಲಿ ನೀವು, ಹಾಗಿದ್ರೆ ನನಗೆ ಮೊದಲ್ನೇದೇ ಸಾಕು ಎಂದಿರಿ, ನಾನೂ ಸುಮ್ಮನಾದೆ. ಇವೆರಡೂ ಬೇಡವೆಂದರೆ ಕಲೆಯನ್ನಷ್ಟೇ ಹಗುರವಾಗಿ ಉಜ್ಜಿ, ಬ್ಲೀಚ್ ಮಾಡಿ ನೋಡಬಹುದಿತ್ತು. ಅದನ್ನಂತೂ ಎತ್ತಲೇ ಇಲ್ಲ.

ಮುಂದಿನ ವಾರ ಕೆಲಸ ಶುರು ಮಾಡಲು ಕೂರಿಸಿದೆ. ನಿಮ್ಮ ಎರಡೂ ಕೆನ್ನೆಯೊಳಗೆ ಹತ್ತಿ ಇಟ್ಟಿದ್ದೆ. ಜಯಮ್ಮ ಬಾಗಿಲ ಬಳಿ ನಿಂತು, ಯಾವುದು ಹಾಕುತ್ತೀರಿ ಎಂದು ಕೇಳಿದರು. ನಮ್ಮ ವೃತ್ತಿಯಲ್ಲಿ ಇದೊಂದು ಕೆಟ್ಟ ರೂಢಿ, ಹಲ್ಲು ಒಬ್ಬರದು, ಮಾತುಕತೆ ಇನ್ನೊಬ್ಬರ ಜೊತೆ. ಬಾಯಿ ತೆರೆದು ಮಲಗಿದವರ ತಲೆಯ ಮೇಲೆಯೇ ಮಾತು ಆಚೀಚೆ ಹೋಗುತ್ತದೆ. ನಾನು ಅವರಿಗೂ ಎರಡು ಬಗೆಯನ್ನು ವಿವರಿಸಿದೆ. ವಿವರಿಸಿದೆ ಅನ್ನುವುದಕ್ಕಿಂತ — ಎರಡನೆಯದನ್ನು ಹೊಗಳಿದೆ.

“ಉಳಿಯೋದ್ನೇ ಆಕಿ ಡಾಕ್ಟ್ರಮ್ಮ,” ಎಂದರು ಅವರು. “ಮತ್ ಮತ್ತೆ ಯಾರು ಬತ್ತಾರೆ?”

ನೀವು ಕೈ ಎತ್ತಿದಿರಿ. ನಾನು ಹತ್ತಿ ತೆಗೆದೆ. ನೀವು ಕೇಳಿದ್ದು ಒಂದೇ ಪ್ರಶ್ನೆ.

“ಮೇಡಂ, ಆಮೇಲೆ ಬೇಡ ಅನ್ಸಿದ್ರೆ ತೆಗೆಸ್ಬೋದಲ್ವಾ?”

“ತೆಗೆಸ್ಬೋದು ಕಣಮ್ಮ.”

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿದೆ. ಪಿಂಗಾಣಿಯನ್ನು ತೆಗೆಸಬಹುದು, ಆ ಮಾತು ಅಕ್ಷರಶಃ ಸುಳ್ಳಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ನೀವು ಪಿಂಗಾಣಿಯ ಬಗ್ಗೆ ಕೇಳಲಿಲ್ಲ. ನನ್ನ ಹಲ್ಲು ನನಗೆ ಉಳಿಯುತ್ತದಾ ಎಂದು ಕೇಳಿದಿರಿ. ಅದು ನನಗೆ ಚೆನ್ನಾಗಿ ಅರ್ಥವಾಗಿತ್ತು.

ಯಾಕೆ ಹಾಗೆ ಮಾಡಿದೆ? ಜಯಮ್ಮನಿಗೆ ಹೆದರಿ ಎಂದರೆ ಸುಲಭ — ಆದರೆ ಆಕೆ ಅಷ್ಟೇನೂ ಜೋರಿನವರಲ್ಲ, ಸಿಮೆಂಟಿನದೇ ಸಾಕು ಎಂದಿದ್ದರೆ ಒಪ್ಪುತ್ತಿದ್ದರು. ನಿಜ ಏನೆಂದರೆ ಪಿಂಗಾಣಿ ಕೂರಿಸುವ ಕೆಲಸವನ್ನು ನಾನು ಆಗಷ್ಟೇ ಕಲಿತು ಬಂದಿದ್ದೆ. ಕೈ ತುರಿಸುತ್ತಿತ್ತು. ಮೊದಲು ಹೀಗಿತ್ತು, ಈಗ ಹೀಗಾಯಿತು ಎಂದು ಗೋಡೆಗೆ ಹಾಕಲು ಒಂದು ಫೋಟೋ ಬೇಕಾಗಿತ್ತು. ಕಪ್ಪು ಹೆಚ್ಚಿದ್ದಷ್ಟೂ ಬಿಳುಪು ಎದ್ದು ಕಾಣುತ್ತದೆ. ನಿಮ್ಮ ಕಂದು ಪಟ್ಟೆ ನೋಡಿದ ಕ್ಷಣವೇ ನನ್ನೊಳಗೆ ಆ ಆಸೆ ಎದ್ದಿತ್ತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಇಂಜೆಕ್ಷನ್ ಕೊಟ್ಟೆ, ಕೊರೆದೆ. ನೀವು ಕಣ್ಣು ಮುಚ್ಚಿಕೊಂಡಿದ್ದಿರಿ. ಅಚ್ಚು ತೆಗೆದು ಲ್ಯಾಬಿಗೆ ಕಳಿಸಿದೆ, ಅಲ್ಲಿಂದ ಬರುವ ತನಕ ಪ್ಲಾಸ್ಟಿಕ್ಕಿನ ತಾತ್ಕಾಲಿಕ ಹೊದಿಕೆ ಅಂಟಿಸಿ, ತಣ್ಣನೆಯದು ಕುಡೀಬೇಡ, ಜುಂ ಅನ್ನುತ್ತೆ ಎಂದೆ. ಬಣ್ಣ ಆರಿಸಿದವರೂ ಜಯಮ್ಮನೇ, ಇದ್ದದ್ದರಲ್ಲಿ ಅತಿ ಬಿಳಿಯದು. ಕೊನೆಯ ದಿನ ಎಲ್ಲ ಅಂಟಿಸಿ ಕನ್ನಡಿ ಕೊಟ್ಟೆ. ನೀವು ನಾಲಗೆಯಿಂದ ಒಂದೊಂದನ್ನೂ ಮುಟ್ಟಿ ನೋಡಿದಿರಿ. ಬೇರೆ ಯಾರದೋ ಹಲ್ಲಿನ ಹಾಗಿದೆ ಮೇಡಂ ಎಂದಿರಿ. ಅಭ್ಯಾಸ ಆಗುತ್ತೆ ಎಂದು ನಾನು ಫೋಟೋ ತೆಗೆದುಕೊಂಡೆ.

ಮೂರು ವರ್ಷದ ಮೇಲೆ ಒಬ್ಬರೇ ಬಂದಿರಿ. ಸೊರಗಿದ್ದಿರಿ. ಗಂಡನ ಮನೆ ಬಿಟ್ಟು ಆರ್.ಟಿ. ನಗರದಲ್ಲಿ ಅಕ್ಕನ ಜೊತೆ ಇದ್ದೀನಿ, ಮತ್ತೆ ನರ್ಸರಿ ಶಾಲೆಯಲ್ಲಿ ಟೀಚರ್ ಕೆಲಸಕ್ಕೆ ಸೇರಿಕೊಂಡೆ ಎಂದಿರಿ. ಏನಾಯಿತು ಎಂದು ನಾನು ಕೇಳಲಿಲ್ಲ, ನೀವೂ ಹೇಳಲಿಲ್ಲ. ಒಂದು ಹೊದಿಕೆ ಕಳಚಿ ಬಿದ್ದಿತ್ತು, ಅದನ್ನು ಕಾಗದದಲ್ಲಿ ಸುತ್ತಿ ತಂದಿದ್ದಿರಿ. ನಾನು ಅದನ್ನು ತಿರುಗಿ ಅಂಟಿಸಲು ಸಿದ್ಧ ಮಾಡಿಕೊಳ್ಳುತ್ತಿದ್ದೆ.

“ಅಂಟಿಸ್ಬೇಡಿ. ಎಲ್ಲಾ ತೆಗ್ದ್ಬಿಡಿ ಮೇಡಂ. ನನ್ ಹಲ್ಲು ನನಗೆ ವಾಪಸ್ ಬೇಕು.”

ಆ ಮಾತಿಗೆ ನಾನು ಏನು ಹೇಳಬೇಕಿತ್ತೋ ಅದನ್ನು ಹೇಳುವ ಧೈರ್ಯ — ನೀವು ಅಷ್ಟರಲ್ಲಿ ಕನ್ನಡಿ ಎತ್ತಿಕೊಂಡಿರಿ. ಹೊದಿಕೆ ಹೋದ ಜಾಗದಲ್ಲಿ ಹಳದಿಗೆ ತಿರುಗಿದ, ಸಣ್ಣಗಾದ, ಹೊಳಪಿಲ್ಲದ ಒಂದು ಹಲ್ಲು. ಪಟ್ಟೆಯೂ ಅರ್ಧ ಹೋಗಿತ್ತು. ಇದು ನನ್ನದಾ ಎಂದು ಕೇಳಿದಿರಿ. ಯಾಕೆ ಹೀಗಾಯಿತು ಎಂದು ಕೇಳಿದಿರಿ. ನಿಮ್ಮ ದನಿಯಲ್ಲಿ ನನ್ನ ಮೇಲೆ ಒಂದಿಷ್ಟೂ ಅನುಮಾನ ಇರಲಿಲ್ಲ. ಅದೇ ನನಗೆ ದಾರಿ ಮಾಡಿಕೊಟ್ಟಿತು.

“ನಿಮ್ಮೂರ ನೀರು, ಮಂಜುಳಾ. ಮೊದಲೇ ಒಳಗೊಳಗೆ ಸವೆಸಿತ್ತು. ಮುಚ್ಚದೇ ಇದ್ದಿದ್ರೆ ಇಷ್ಟೂ ಉಳೀತಿರ್ಲಿಲ್ಲ.”

ಮೊದಲನೆಯದು ಅರ್ಧ ಸುಳ್ಳಾಗಿತ್ತು. ಇದು ಪೂರ್ತಿ. ನೀವು ಕನ್ನಡಿ ಕೆಳಗಿಟ್ಟಿರಿ. ಆಮೇಲೆ ಕೈ ಮುಗಿದು, ಆವತ್ತು ನೀವು ಮುಚ್ಚಿದ್ದೇ ಒಳ್ಳೇದಾಯ್ತು ಎಂದಿರಿ. ನಾನು ಹೊದಿಕೆ ಅಂಟಿಸಿ ಕಳಿಸಿಕೊಟ್ಟೆ. ಗೋಡೆಯ ಫೋಟೋವನ್ನು ಆವತ್ತೇ ಇಳಿಸಿದೆ. ಅದರಿಂದ ನಿಮಗೇನು ಬಂತು? ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಮಾಡಿದವಳು ನಾನು, ಉಣ್ಣುತ್ತಿರುವವರು ನೀವು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಹೊದಿಕೆ ಚೂರಾದಾಗ ಬರುತ್ತಿದ್ದಿರಿ, ಸರಿಮಾಡಿ ಕಳಿಸುತ್ತಿದ್ದೆ. ಒಂದು ಸಲ ಬಂದಾಗ ಮಾತಿಗೆ ಹೇಳಿದಿರಿ — ಅಕ್ಕ ಈಗ ಗಟ್ಟಿಯಾದದ್ದೇನೂ ಅಗಿಯುವುದಿಲ್ಲವಂತೆ, ಹಲ್ಲು ಒಳಗೇ ಟೊಳ್ಳಾಗಿದೆ ಎಂದು ಹೆದರಿಕೊಂಡಿದ್ದಾಳಂತೆ. ನಾನು ಕೈ ತೊಳೆಯುತ್ತಾ ನಿಂತೆ. ತಿರುಗಿ ನೋಡಲಿಲ್ಲ.

ನಿನ್ನೆ ನೀವು ಅಕ್ಕನ ಮಗಳನ್ನು ಕರೆತಂದಿರಿ. ಪಲ್ಲವಿ. ಅವಳೂ ನಿಮ್ಮೂರಿನ ಅದೇ ಮನೆಯಲ್ಲಿ ಬೆಳೆದು ಕಾಲೇಜಿಗೆಂದು ಈ ವರ್ಷ ಇಲ್ಲಿಗೆ ಬಂದವಳು. ಅದೇ ಕಂದು ಪಟ್ಟೆ. ಅವಳ ಮದುವೆಯ ಮಾತಿಲ್ಲ, ಯಾರೂ ಅವಳನ್ನು ಆಡಿಕೊಂಡಿಲ್ಲ. ಆದರೂ ನೀವು ಅವಳನ್ನು ಕುರ್ಚಿಯಲ್ಲಿ ಕೂರಿಸಿ ತಲೆ ಸವರಿದಿರಿ.

“ನನ್ ಥರ ಸವೆದು ಹೋಗೋಕೆ ಮುಂಚೆ ಇವಳಿಗೆ ಮುಚ್ಚಿಬಿಡಿ ಮೇಡಂ. ಪಿಂಗಾಣೀದೇ ಹಾಕಿ. ನಿಮ್ಮನ್ ಬಿಟ್ರೆ ನಾವು ಬೇರೆ ಯಾರ ಹತ್ರಾನೂ ಹೋಗಲ್ಲ.”

ಹುಡುಗಿಗೆ ಇಷ್ಟವಿರಲಿಲ್ಲ, ಮುಖದಲ್ಲೇ ಕಾಣುತ್ತಿತ್ತು. ಆದರೆ ಚಿಕ್ಕಮ್ಮನ ಮಾತಿನ ಮೇಲೆ ನಂಬಿಕೆ, ನಿಮಗೆ ನನ್ನ ಮಾತಿನ ಮೇಲೆ ನಂಬಿಕೆ. ನಾನು ಅವಳ ಹಲ್ಲುಗಳನ್ನು ಒಂದೊಂದಾಗಿ ನೋಡಿದೆ. ಆಗಲೇ ಹೇಳಬಹುದಿತ್ತು. ನೀವಿಬ್ಬರೂ ಎದುರಿಗಿದ್ದಿರಿ, ಬೇರೆ ಯಾರೂ ಇರಲಿಲ್ಲ. ನಾನು ಏನು ಮಾಡಿದೆ ಗೊತ್ತೇ? ಸೋಮವಾರ ಬನ್ನಿ ಎಂದೆ.

ಸೋಮವಾರದ ತನಕ ಕಾಯುವುದಿಲ್ಲ. ಕಾದರೆ ನನ್ನ ನಾಲಗೆ ಇನ್ನೊಂದು ನಯವಾದ ಮಾತು ಹುಡುಕಿಕೊಳ್ಳುತ್ತದೆ, ಅದರ ಪರಿಚಯ ನನಗಿದೆ. ಕ್ಲಿನಿಕ್ಕಿನಲ್ಲಿಯೂ ಹೇಳುವುದಿಲ್ಲ. ಅಲ್ಲಿ ನಾನು ಡಾಕ್ಟರು, ನೀವು ಕೈ ಮುಗಿಯುವವರು. ಇವತ್ತು ಸಂಜೆ ಈ ಕಾಗದ ಹಿಡಿದು ಆರ್.ಟಿ. ನಗರಕ್ಕೆ ನಾನೇ ಬರುತ್ತೇನೆ. ನಿಮ್ಮ ಅಕ್ಕನೂ ಪಲ್ಲವಿಯೂ ಎದುರಿಗಿರಲಿ. ನಿಮ್ಮ ಆರು ಹಲ್ಲಿಗೆ ಬದುಕಿರುವಷ್ಟು ಕಾಲ ಹೊದಿಕೆ ಬೇಕು, ಒಂದು ಹೋದರೆ ಇನ್ನೊಂದು ಹಾಕಿಸಲೇಬೇಕು, ಅದನ್ನೂ ಹೇಳುತ್ತೇನೆ. ಇನ್ನು ಮುಂದೆ ಯಾರ ಹತ್ತಿರ ಹಾಕಿಸುತ್ತೀರೋ ಅದು ನಿಮಗೆ ಬಿಟ್ಟದ್ದು. ನನ್ನ ಮೇಲೆ ದೂರು ಕೊಡುವುದಾದರೆ ಕೊಡಿ, ನಡೆದದ್ದನ್ನು ನಾನೇ ಒಪ್ಪಿಕೊಳ್ಳುತ್ತೇನೆ. ಮುಖದ ಮೇಲೆ ಬಾಗಿಲು ಹಾಕಿದರೂ ಬಾಗಿಲಾಚೆ ನಿಂತು ಒಂದು ಮಾತು ಹೇಳಿಯೇ ಹೋಗುತ್ತೇನೆ.

ಪಲ್ಲವಿಯ ಹಲ್ಲುಗಳು ಗಟ್ಟಿಯಾಗಿವೆ. ಮೇಲೆ ಬಣ್ಣ ಕೂತಿದೆ, ಅಷ್ಟೇ, ಅವಕ್ಕೆ ಯಾರೂ ಏನೂ ಮಾಡಬೇಕಾಗಿಲ್ಲ. ನಿಮ್ಮವೂ ಹಾಗೇ ಇದ್ದವು, ಮಂಜುಳಾ.