ಬೆಳಕಿನ ಕಡೆಯ ಕೆನ್ನೆ

ಅವರ ಎಡಗಣ್ಣಿನ ಸುತ್ತ ಇದ್ದಷ್ಟು ಸುಕ್ಕು ಬಲಗಣ್ಣಿನ ಸುತ್ತ ಇರಲಿಲ್ಲ. ನಲವತ್ತು ವರ್ಷ ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಕ್ಯಾಮೆರಾದ ಕಿಂಡಿಗೆ ಒತ್ತಿ ನೋಡಿದ್ದರ ಗುರುತು ಅದು. ಪರದೇಶದ ಈ ಬ್ಯಾಲಂಟೈನ್ ಬಡಾವಣೆಯಲ್ಲಿ ನಮ್ಮ ಗೋಡೆಗೆ ಅಂಟಿಕೊಂಡ ಟೌನ್‌ಹೌಸ್ ಅವರದು. ಮಂಗಳೂರಿನ ಕಡೆಯವರು; ಇಲ್ಲಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಮಾಡಿ ನಿವೃತ್ತರಾಗಿದ್ದರು. ನಮಗೆ ಅವರು ಬರೀ ಆಂಟಿ.

ಎಲ್ಲರ ಕೈಯಲ್ಲೂ ಫೋನ್ ಇರುವ ಕಾಲದಲ್ಲಿ ಆಂಟಿ ರೀಲು ಹಾಕುವ ಹಳೆಯ ಕ್ಯಾಮೆರಾ ಹಿಡಿದು ಓಡಾಡುತ್ತಿದ್ದರು. ತೆಗೆಯುತ್ತಿದ್ದುದೂ ಹೂವು, ಸೂರ್ಯಾಸ್ತಗಳನ್ನಲ್ಲ: ಕಸದ ಡಬ್ಬಿಗಳ ಸಾಲು, ಮೆಟ್ಟಿಲ ಮೇಲೆ ಬಿಟ್ಟ ಚಪ್ಪಲಿ, ಸಿಂಕಿನ ಪಕ್ಕ ಕವುಚಿಟ್ಟ ಲೋಟ. ಒಮ್ಮೆ ಕ್ಯಾಮೆರಾವನ್ನು ನನಗೇ ಕೊಟ್ಟರು. ನಾನು ಲೋಟವನ್ನು ನಟ್ಟನಡುವೆ ಹಿಡಿದೆ.

"ಎಂತ ಮಾರಾಯ್ತಿ, ಲೋಟಕ್ಕೆ ಪಾಸ್‌ಪೋರ್ಟ್ ಮಾಡಿಸ್ಲಿಕ್ಕುಂಟಾ? ಸ್ವಲ್ಪ ಬದಿಗೆ ಸರಿಸು. ಅದಕ್ಕೂ ಉಸಿರಾಡ್ಲಿಕ್ಕೆ ಜಾಗ ಬೇಕಲ್ಲ!"

ಶಾಲೆಗಳೆಲ್ಲ ಆನ್‌ಲೈನ್ ಆಗಿದ್ದ ವರ್ಷ ಅದು. ಒಂದು ಬೆಳಿಗ್ಗೆ ನನ್ನ ಒಂಬತ್ತು ವರ್ಷದ ಮಗಳ ಮುಖದ ಬಲಭಾಗ ಜೋತುಬಿತ್ತು. ನರದ ತೊಂದರೆ, ಸರಿಹೋಗಬಹುದು ಎಂದರು ಡಾಕ್ಟರು. ತಿಂಗಳುಗಳು ಕಳೆದರೂ ತುಟಿಯ ಆ ಕೊನೆ ಮೇಲೇಳಲಿಲ್ಲ. ಅವಳು ಕ್ಲಾಸಿನಲ್ಲಿ ವಿಡಿಯೋ ಆಫ್ ಮಾಡಿ ಕೂರತೊಡಗಿದಳು. ನಾನೂ ಅವಳ ಫೋಟೊ ತೆಗೆಯುವುದನ್ನು ಬಿಟ್ಟೆ. ಮೈಸೂರಿನಲ್ಲಿದ್ದ ಅಮ್ಮನಿಗೆ ಏನೂ ಹೇಳದೆ, ಹಿಂದಿನ ವರ್ಷದ ಫೋಟೊಗಳನ್ನೇ ಕಳಿಸುತ್ತಿದ್ದೆ.

ಆಂಟಿ ಕ್ಯಾಮೆರಾ ಎತ್ತಿಕೊಂಡರು. ಮಾಸ್ಕ್ ಹಾಕಿಕೊಂಡು ನಮ್ಮ ಹಿತ್ತಲ ಕಡೆಯ ಮರದ ಡೆಕ್ಕಿಗೆ ಬಂದು, ಕಿತ್ತಳೆ ಸುಲಿಯುತ್ತಿದ್ದ ಮಗಳೆದುರು ಕೂತರು.

"ಓನ್ಲಿ ಹ್ಯಾಂಡ್ಸ್, ಓಕೆ ಆಂಟಿ?" ಎಂದಳು ಅವಳು.

"ಆಯ್ತು, ಕೈ ಮಾತ್ರ."

ಮುಂದಿನ ವಾರಗಳಲ್ಲಿ ಅವಳ ಜಡೆ, ನೆರಳು, ಕಾಲ್ಚೀಲ ಎಲ್ಲ ರೀಲಿಗೆ ಸೇರಿದವು. ಪ್ರತಿ ಬಾರಿಯೂ ಆಂಟಿ ಅವಳಿಗೇ ಕಿಂಡಿಯಲ್ಲಿ ನೋಡಲು ಹೇಳಿ, ಏನು ಒಳಗಿರಬೇಕು, ಏನು ಹೊರಗಿರಬೇಕು ಎಂದು ಕೇಳುತ್ತಿದ್ದರು. ಒಂದು ದಿನ ಮಗಳೇ ಹೇಳಿದಳು: "ಆಂಟಿ, ಇವತ್ತು ಫೇಸ್ ತೆಗೀರಿ. ಬಟ್ ನಾನು ಸ್ಮೈಲ್ ಮಾಡಲ್ಲ."

"ಮಾಡ್ಬೇಡ ಮಗಾ. ಯಾರು ಕೇಳಿದ್ದು? ಸ್ವಲ್ಪ ಬೆಳಕಿನ ಕಡೆ ತಿರುಗು."

ತಿರುಗಿದಾಗ ಬಿಸಿಲು ಬಿದ್ದದ್ದು ಆ ಬಲಗೆನ್ನೆಯ ಮೇಲೇ. ನನಗೆ ತಡೆಯಲಾಗಲಿಲ್ಲ. "ಆಂಟಿ, ಪ್ಲೀಸ್, ಆ ಸೈಡ್ ಬೇಡ" ಎಂದುಬಿಟ್ಟೆ.

ಆಂಟಿ ಕ್ಯಾಮೆರಾ ಇಳಿಸಿ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಅವಳು ಅಡಗಿಸ್ತಾ ಇಲ್ಲ. ಅಡಗಿಸೋದು ನೀನು."

ನಾನು ಒಳಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತೆ. ನಲ್ಲಿ ನಿಲ್ಲಿಸಿದಾಗ ಹೊರಗೆ ಕ್ಯಾಮೆರಾ ಒಮ್ಮೆ ಮಾತ್ರ ಸದ್ದು ಮಾಡಿತು.

ಲ್ಯಾಬಿನಿಂದ ಪ್ರಿಂಟು ಬರಲು ಮೂರು ವಾರ ಹಿಡಿಯಿತು. ಮಗಳು ಅದನ್ನು ಬಹಳ ಹೊತ್ತು ನೋಡಿ, "ದಟ್ಸ್ ಮೀ. ಅಜ್ಜಿಗೆ ಕಳ್ಸು" ಎಂದಳು. ಫೋನಿನಲ್ಲಿ ಅದರ ಫೋಟೊ ತೆಗೆದು ಕಳಿಸಿದೆ. ಕೂಡಲೇ ಅಮ್ಮನ ಫೋನ್ ಬಂತು: "ಮಗು ಎಷ್ಟು ಬೆಳೆದ್ಬಿಟ್ಟಿದೆ! ಇಷ್ಟು ದಿನ ಯಾಕೆ ತೋರಿಸ್ಲಿಲ್ಲ ನೀನು?"

ಕಳೆದ ಚಳಿಗಾಲದಲ್ಲಿ ಆಂಟಿ ಹೃದಯಾಘಾತದಿಂದ ತೀರಿಕೊಂಡರು. ಚರ್ಚಿನ ಪ್ರಾರ್ಥನೆಯಲ್ಲಿ ನನ್ನ ಮಗಳು, ತಾನಾಗಿಯೇ ಎದ್ದುಹೋಗಿ ಮೈಕಿನ ಮುಂದೆ ನಿಂತಳು. ಅವಳ ನಗು ಈಗಲೂ ಒಂದು ಕಡೆಗೆ ಎಳೆಯುತ್ತದೆ. ಆಂಟಿಯ ಬಗ್ಗೆ ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಏನೋ ತಮಾಷೆ ಹೇಳಿ ಎಲ್ಲರನ್ನೂ ನಗಿಸಿ, ತಾನೂ ನಕ್ಕಳು. ನಾನು ಮುಂದಿನ ಸಾಲಿನಲ್ಲಿ ಕೂತು, ಕಣ್ಣು ತಪ್ಪಿಸದೆ ಅವಳ ಮುಖವನ್ನು ಪೂರ್ತಿಯಾಗಿ ನೋಡಿದೆ.