ಅರ್ಧ ಫೋಟೋಕ್ಕೆ ಹಾರ

ನಮ್ಮ ಮಾಮಾನ ಅಂಗಡಿಯಲ್ಲಿ ವರ್ಷಕ್ಕೊಮ್ಮೆ ಒಂದು ಫೋಟೋಕ್ಕೆ ಅರ್ಧವೇ ಹಾರ ಬೀಳುತ್ತದೆ. ಫೋಟೋದಲ್ಲಿ ಇರುವವರು ನಾಲ್ವರು. ಇಂಗ್ಲೆಂಡಿನ ಬಂದರು ಊರೊಂದರಿಂದ ಬಂದು ಜಗತ್ತನ್ನೆಲ್ಲ ಹುಚ್ಚೆಬ್ಬಿಸಿದ ಹುಡುಗರು. ಜನವರಿ ಕೊನೆಯ ಒಂದು ಚಳಿಯ ದಿನ ಲಂಡನ್ನಿನ ಕಟ್ಟಡವೊಂದರ ಮಾಳಿಗೆ ಹತ್ತಿ ಕೊನೆಯ ಸಲ ಎಲ್ಲರೆದುರು ಒಟ್ಟಿಗೆ ನುಡಿಸಿದವರು. ಅವರಲ್ಲಿ ಇಬ್ಬರು ತೀರಿಕೊಂಡಿದ್ದಾರೆ, ಇಬ್ಬರು ಇದ್ದಾರೆ. ಇದ್ದವರ ಫೋಟೋಕ್ಕೆ ಹಾರ ಹಾಕಿದರೆ ಏನರ್ಥ ಎಂದು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಮಾಮಾ ಚೌಕಟ್ಟಿನ ನಡುವೆ ಒಂದು ಮೊಳೆ ಹೊಡೆದಿದ್ದಾನೆ. ಚೆಂಡುಹೂವಿನ ಹಾರ ಒಂದು ಮೂಲೆಯಿಂದ ಹೊರಟು ಆ ಮೊಳೆಗೆ ನಿಲ್ಲುತ್ತದೆ. ತೀರಿಕೊಂಡ ಇಬ್ಬರೂ ಅಕ್ಕಪಕ್ಕ ನಿಂತಿರುವ ಫೋಟೋ ಹುಡುಕುವುದಕ್ಕೇ ಅವನಿಗೆ ಒಂದು ಮಳೆಗಾಲ ಹಿಡಿಯಿತು.

ಮಾಮಾ, ಅಂದರೆ ನಮ್ಮವ್ವನ ತಮ್ಮ, ಬಸವಕಲ್ಯಾಣದಲ್ಲಿ ಲೌಡ್‌ಸ್ಪೀಕರು, ಲೈಟಿನ ಸರ ಬಾಡಿಗೆಗೆ ಕೊಡುತ್ತಾನೆ. ಯಾರದೇ ಜಯಂತಿ ಇರಲಿ, ಪುಣ್ಯತಿಥಿ ಇರಲಿ, ಯಾವ ದರ್ಗಾದ ಉರುಸು ಇರಲಿ, ಕೂಗುವುದು ಇವನ ಹಾರ್ನು. ವರ್ಷವೆಲ್ಲ ಬೇರೆಯವರ ದೊಡ್ಡವರಿಗೆ ಸೌಂಡು ಕೊಟ್ಟವನಿಗೆ, ನನ್ನ ದೊಡ್ಡವರಿಗೂ ಒಂದು ದಿನ ಇರಲಿ ಅನ್ನಿಸಿತಂತೆ. ಗಿಟಾರಿಗೆ ಬೆಂಕಿ ಹಚ್ಚಿದವನ ಪುಣ್ಯತಿಥಿ, ಮುಂದೆ ನಡೆದಂತೆ ಕಾಣಿಸಿ ಹಿಂದಕ್ಕೆ ಜಾರುತ್ತ ಕುಣಿದವನ ಜಯಂತಿ, ಯಾವುದೋ ಆಲ್ಬಮ್ಮಿನ ಸುವರ್ಣ ವರ್ಷ, ಎಲ್ಲಕ್ಕೂ ಒಂದೇ ಪದ್ಧತಿ: ಫೋಟೋ, ಊದಿನಕಡ್ಡಿ, ಪೇಢೆ, ಹಾರ್ನಿನಲ್ಲಿ ಒಂದೇ ಒಂದು ಹಾಡು. ಎಮ್ಮೆ ಹೊಡೆದುಕೊಂಡು ಹೋಗುವವರೂ ನಿಂತು ಪೇಢೆ ಇಸಿದುಕೊಂಡು "ಇವತ್ತು ಯಾರ್ದರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೈಮುಗಿದು ಮುಂದೆ ಹೋಗುತ್ತಾರೆ.

ನಾನು ಇದನ್ನು ವಿರೋಧಿಸುತ್ತೇನೆ. ವಿರೋಧಿಸುವುದೇ ನನ್ನ ಚಟ ಎಂದು ಮನೆಯವರು ಹೇಳುತ್ತಾರೆ, ಅದನ್ನೂ ವಿರೋಧಿಸುತ್ತೇನೆ. ಕಾಲೇಜಿನ ದಿನಗಳನ್ನೆಲ್ಲ ಚರ್ಚಾಸ್ಪರ್ಧೆಗಳ ಮೈಕಿನ ಮುಂದೆ ಕಳೆದವಳು ನಾನು. ನನ್ನ ವಾದ ಸರಳ. ಐವತ್ತನೆಯ ವರ್ಷಕ್ಕಿರುವ ಮಹತ್ವ ನಲವತ್ತೊಂಬತ್ತನೆಯದಕ್ಕೆ ಯಾಕಿಲ್ಲ? ನಮಗೆ ಹತ್ತು ಬೆರಳಿವೆ, ಅಷ್ಟೇ ಕಾರಣ. ಕೈಗೆ ಆರಾರು ಬೆರಳಿದ್ದಿದ್ದರೆ ಹನ್ನೆರಡಕ್ಕೆ, ಇಪ್ಪತ್ನಾಲ್ಕಕ್ಕೆ ಪೇಢೆ ಹಂಚುತ್ತಿದ್ದೆವು. ಇನ್ನು, ಹಳೆಯ ಹಾಡನ್ನು ಹೊಸ ಡಬ್ಬಿಯಲ್ಲಿ ಮಾರುವ ಕಂಪನಿಗಳಿಗೆ ಇಂಥ ದಿನಗಳು ಬೇಕು, ಹಾಡಿಗೆ ಬೇಡ.

"ಮಾಮಾ, ಹಾಡಿಗಿ ವಯಸ್ಸು ಆಗಂಗಿಲ್ಲ. ನೀ ಯಾರ ಹುಟ್ಟಿದಹಬ್ಬ ಮಾಡಾಕತ್ತಿ?"

"ನಿನ್ನ ಹುಟ್ಟಿದಹಬ್ಬಕ್ಕ ಹೋಳಿಗಿ ತಿಂತಿ ಇಲ್ಲೋ?"

"ಅದು ವಾದ ಅಲ್ಲ. ವೈಯಕ್ತಿಕ ದಾಳಿ."

"ಹೋಳಿಗಿ ದಾಳಿ ಆತೇನು ವಕೀಲ್ ಬಾಯಿ? ಹಂಗಾದ್ರ ಈ ಸಲ ಬ್ಯಾಡ ಬಿಡು. ನಿಮ್ಮತ್ತಿಗಿ ಹೇಳ್ತೀನಿ."

ಹೋಳಿಗೆ ವಿಷಯದಲ್ಲಿ ನಾನು ಪ್ರತಿವಾದ ಮಂಡಿಸಲಿಲ್ಲ.

ಈ ವರ್ಷ ಮಾಮಾ ಒಂದು ಹೆಜ್ಜೆ ಮುಂದೆ ಹೋದ. ಅವನ ಸ್ವಂತ ಆರ್ಕೆಸ್ಟ್ರಾಕ್ಕೆ ನಲವತ್ತು ತುಂಬುತ್ತಿತ್ತು. ಐದು ಜನರ ಆರ್ಕೆಸ್ಟ್ರಾ. ಮದುವೆಗಳಲ್ಲಿ ಸಿನಿಮಾ ಹಾಡಿನ ನಡುವೆ ಇಂಗ್ಲಿಷ್ ಪಾಪ್ ಹಾಡು ನುಗ್ಗಿಸಿ ಬೀಗರಿಂದ ಬೈಸಿಕೊಳ್ಳುತ್ತಿದ್ದರಂತೆ. ಆ ಐವರಲ್ಲಿ ಮೂವರು ಈಗಿಲ್ಲ. ಉಳಿದವರು ಗಿಟಾರಿನ ಮಾಮಾ ಮತ್ತು ಡ್ರಮ್ಮಿನ ಕಾಕಾ. ಕಾಕಾ ಹುಮನಾಬಾದಿನ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ತೊಗರಿ ದಲ್ಲಾಳಿಯ ಅಡತಿ ಅಂಗಡಿ ಇಟ್ಟವರು. ಡ್ರಮ್ ಮುಟ್ಟದೆ ವರ್ಷಗಳಾಗಿವೆ. ಲಂಡನ್ನಿನವರ ಹಾಗೆ ನಾವೂ ಮಾಳಿಗೆ ಹತ್ತಿ ನುಡಿಸೋಣ ಎಂದು ಮಾಮಾ ಎಷ್ಟು ಸಲ ಫೋನ್ ಮಾಡಿದರೂ ಅವರದು ಒಂದೇ ಮಾತು, ಒಲ್ಲೆ.

ಮಾಮಾ ಗಿಟಾರನ್ನು ಒರೆಸುತ್ತ ನನಗೆ ಹೇಳಿದ: "ಅವ ಬರಲಿಲ್ಲಂದ್ರ ಇದನ್ನ ಮಾರಿಬಿಡ್ತೀನಿ. ಒಬ್ಬನ ಕುಂತು ಬಾರ್ಸಾಕ ಇದೇನು ಏಕತಾರಿ ಏನು? ನೀ ಹೋಗು. ಎಲ್ಲಾರ ಕೂಡ ಜಗಳಾಡಿ ಕಪ್ ತಂದೀದಿ, ಇವನ ಕೂಡ ಜಗಳಾಡಿ ಇವನ್ನ ತಗೊಂಡು ಬಾ."

ಹೇಳಿದ್ದು ನಗುತ್ತಲೇ. ಆದರೆ ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ ಎಳೆದ ರೀತಿ ನನಗೆ ಹಿಡಿಸಲಿಲ್ಲ.

ಚರ್ಚಾಸ್ಪರ್ಧೆಯಲ್ಲಿ ಪರವೋ ವಿರೋಧವೋ ಚೀಟಿ ಎತ್ತಿ ನಿರ್ಧಾರವಾಗುತ್ತದೆ. ನಂಬದ ಪಕ್ಷವನ್ನೂ ನಂಬಿದವರಿಗಿಂತ ಚೆನ್ನಾಗಿ ಮಂಡಿಸಿದ್ದೇನೆ. ಆ ಧೈರ್ಯದಲ್ಲಿ ಹುಮನಾಬಾದಿನ ಬಸ್ಸು ಹತ್ತಿದೆ. ಹೈವೇಯುದ್ದಕ್ಕೂ ವಾರ್ಷಿಕೋತ್ಸವಗಳ ಪರವಾಗಿ ವಾದ ಜೋಡಿಸುತ್ತ ಹೋದೆ. ಹುಮನಾಬಾದಿನ ಹೊರಗಿನ ಫ್ಯಾಕ್ಟರಿಗಳ ಔಷಧಿ ವಾಸನೆ ಕಿಟಕಿಯಿಂದ ಒಳಗೆ ಬರುವಷ್ಟರಲ್ಲಿ ನನ್ನ ಭಾಷಣ ತಯಾರಿತ್ತು.

ಕಾಕಾ ತೊಗರಿ ಚೀಲಗಳ ನಡುವೆ ಗಾದಿಯ ಮೇಲೆ ಕೂತಿದ್ದರು. ನಾನು ಬಂದದ್ದು ಯಾಕೆಂದು ತಿಳಿದ ಕೂಡಲೇ ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡರು. ಚಹಾ ಬಂದಾಗಲೂ ತೆಗೆಯಲಿಲ್ಲ.

"ಕಾಕಾ, ನೆನಪು ತಾನಾಗೇ ಉಳಿಯಂಗಿಲ್ಲರಿ. ಅದಕ್ಕ ಒಂದು ದಿನ ಬೇಕಾಗ್ತದ," ಎಂದು ಶುರು ಮಾಡಿದೆ.

"ಯಾವ ದಿನ? ನಿಮ್ಮ ಮಾಮಾ ನಾರಾಯಣಪುರದ ಮದುವಿ ದಿನಾ ಹಿಡದಾನ. ಅವತ್ತು ಏನಾತು ಹೇಳ್ಯಾನೇನು?"

"ನಿಮ್ಮ ಮೊದಲನೇ ಪ್ರೋಗ್ರಾಂ ಆತು ಅಂದಾನ."

"ನಂದು ಆತು! ಮೊದಲನೇ ಹಾಡಿಗೇ ಕರೆಂಟ್ ಹೋತು. ಗಿಟಾರ್ ಮೂಕ, ಕೀಬೋರ್ಡ್ ಮೂಕ, ಮೈಕ್ ಮೂಕ. ಡ್ರಮ್ಮಿಗಿ ಕರೆಂಟ್ ಬೇಕೇನು? ಕರೆಂಟ್ ಬರೋತನಕಾ ನಾ ಒಬ್ಬನ ಬಾರ್ಸೀನಿ, ಮದುಮಗ ಕುದರಿ ಇಳದು ಕುಣದಾನ. ನಿಮ್ಮ ಮಾಮಾ ಗಿಟಾರ್ ಹಿಡಕೊಂಡು ಫೋಟೋಕ್ಕ ನಿಂತಾಂವ. ಅವಂದೇನು ನಲವತ್ತು ವರ್ಷ?"

ಒಳ್ಳೆಯ ಪಾಯಿಂಟು. ನಾನು ದಿಕ್ಕು ಬದಲಿಸಿ, ನಲವತ್ತು ಎಂಬ ಸಂಖ್ಯೆಯ ಸಾಮಾಜಿಕ ಮಹತ್ವಕ್ಕೆ ಬಂದೆ. ಅವರು ಅರ್ಧಕ್ಕೇ ತಡೆದರು.

"ನೀ ಹೇಳೋದು ನೀನರ ನಂಬತಿ ಏನವ್ವ?"

ವೇದಿಕೆಯ ಮೇಲೆ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಕೇಳಿದರೆ ಅಂಕ ಕಳೆಯುತ್ತಾರೆ. ಗಂಜಿನಲ್ಲಿ ಆ ನಿಯಮವಿಲ್ಲ. ಇಲ್ಲ ಎಂದೆ. ಎಂದ ಮೇಲೆ ತಡೆಯಲಾರದೆ ಬೆರಳಿನ ವಾದವನ್ನೂ ಹೇಳಿಬಿಟ್ಟೆ. ಕಾಕಾ ಬಾಯ್ತುಂಬ ನಕ್ಕರು. ಹಮಾಲರನ್ನು ಕರೆದು, "ಕೇಳ್ರಲೇ, ಆರು ಬೆರಳಿದ್ರ ನಾ ಇನ್ನ ಸಣ್ಣಾಂವ ಅಂತ!" ಎಂದರು. ಚೀಲ ಹೊತ್ತವರೂ ನಕ್ಕರು. ಆಮೇಲೆ ನನ್ನ ಕಡೆ ಬಗ್ಗಿ, ಬೇರೆ ಯಾರಿಗೂ ಕೇಳದ ಹಾಗೆ ಅಂದರು: "ಕೈ ಮೊದ್ಲಿನಂಗ ಇಲ್ಲವ್ವ. ತಾಳ ತಪ್ಪಿದ್ರ ಊರು ನಗಲಿ, ಅಡ್ಡಿಯಿಲ್ಲ. ನಿಮ್ಮ ಮಾಮಾ ನಗಂಗಿಲ್ಲ ನೋಡು, ನನಗ ಅದು ತಡಿಯಾಕ ಆಗಂಗಿಲ್ಲ."

ನೀವು ಬರದಿದ್ದರೆ ಮಾಮಾ ಗಿಟಾರು ಮಾರುತ್ತಾನಂತೆ ಎಂದೆ, ಆದರೂ ಕಾಕಾ ಒಪ್ಪಲಿಲ್ಲ. ಒಂದು ಚೀಲ ತೊಗರಿಬೇಳೆ ಕೊಟ್ಟು ಕಳಿಸಿದರು. ಕಪ್ಪಿನ ಬದಲು ಬೇಳೆ ಹೊತ್ತು ಮನೆಗೆ ಬಂದೆ.

ಮಾಮಾ ಸುದ್ದಿ ಕೇಳಿ, "ಬ್ಯಾಳಿ ಛಲೋ ಅದ," ಎಂದ. ಅಷ್ಟೇ. ಆದರೂ ನಲವತ್ತು ತುಂಬಿದ ದಿನ ಬೆಳಗ್ಗೆ ಅಂಗಡಿಯ ಮಾಳಿಗೆಯ ಮೇಲೆ ಡ್ರಮ್ ಸೆಟ್ ಜೋಡಿಸಿ, ಹಿಂದೆ ಖಾಲಿ ಸ್ಟೂಲು ಇಟ್ಟ. ಕೆಳಗೆ ರಸ್ತೆಗೆ ಮುಖ ಮಾಡಿ ಆರ್ಕೆಸ್ಟ್ರಾದ ಹಳೆಯ ಫೋಟೋ ನಿಲ್ಲಿಸಿದ. ಎಡಕ್ಕೆ ತೀರಿಕೊಂಡ ಮೂವರು, ಬಲಕ್ಕೆ ದೊಡ್ಡ ಕಾಲರಿನ ಅಂಗಿಯಲ್ಲಿ ಮಾಮಾ ಮತ್ತು ಕಾಕಾ. ಮೂವರ ಅಳತೆಗೆ ಮೊಳೆ ಹೊಡೆದು, ಓಣಿಯಲ್ಲಿ ಹಾರ ಕಟ್ಟಿ ಮಾರುವ ಹೂವಿನ ಮೌಶಿಗೆ ಫೋನಿನಲ್ಲಿ ಹಾರ ಹೇಳಿ, ವೈರು ಎಳೆಯಲು ಮೇಲೆ ಹೋದ.

ಹೂವಿನ ಮೌಶಿಗೆ ಮಾಮಾನ ಅರ್ಧ ಹಾರಗಳ ಮೇಲೆ ಮೊದಲಿನಿಂದಲೂ ಸಿಟ್ಟು. "ಹರಕು ಹಾರ ಕಟ್ಟತಾಳ ಅಂತ ಮಂದಿ ನನಗ ಅಂತಾರ," ಎಂದು ಗೊಣಗುತ್ತಿದ್ದಳು. ಈ ಸಲ ಮಾಮಾನ ಸ್ವಂತ ಕಾರ್ಯಕ್ರಮ ಎಂದು ಪ್ರೀತಿಯಿಂದ ತುಂಬು ಹಾರವನ್ನೇ ಕಟ್ಟಿ ತಂದು, ಮೊಳೆಯನ್ನು ಲೆಕ್ಕಿಸದೆ, ಈ ಮೂಲೆಯಿಂದ ಆ ಮೂಲೆಗೆ ತಾನೇ ಹಾಕಿ ಹೋದಳು. ಮುಂದೆ ಊದಿನಕಡ್ಡಿ ಉರಿಯುತ್ತಿತ್ತು.

ಹುಮನಾಬಾದಿಗೆ ಹೋಗುವ ಬಸ್ಸು ನಮ್ಮ ಅಂಗಡಿಯ ಮುಂದೆಯೇ ಹಾಯುತ್ತದೆ. ಕಿಟಕಿಯಲ್ಲಿ ಕೂತ ಗಂಜಿನವರು ಯಾರೋ ಅದನ್ನು ನೋಡಿ, ಮೊಬೈಲಿನಲ್ಲಿ ಹಿಡಿದು, ವಾಟ್ಸಾಪಿನಲ್ಲಿ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಕಾಕಾನ ಅಂಗಡಿಯ ಮುಂದೆ ಜನ ಟೋಪಿ ತೆಗೆದು ನಿಂತಿದ್ದರಂತೆ. ಒಳಗೆ ಕಾಕಾ ಊಟ ಮಾಡುತ್ತಿದ್ದರು. ಬೀದರದಿಂದ ಅವರ ತಂಗಿ ಫೋನಿನಲ್ಲಿ ಅಳುತ್ತಿದ್ದಳು. "ನಾನೇ ಮಾತಾಡಾಕತ್ತೀನಿ" ಅಂದರೆ ಇನ್ನೂ ಜೋರಾಗಿ ಅತ್ತಳಂತೆ.

ಸಂಜೆ ಬಿಸಿಲು ಇಳಿಯುವ ಮೊದಲು ತೊಗರಿಯ ಟೆಂಪೋ ಒಂದು ಅಂಗಡಿಯ ಮುಂದೆ ನಿಂತಿತು. ಕಾಕಾ ಇಳಿದವರೇ ಫೋಟೋ ನೋಡಿದರು, ನನ್ನನ್ನು ನೋಡಿದರು, ಮಾಳಿಗೆಯತ್ತ ಮುಖ ಎತ್ತಿದರು.

"ಏ ಗಿಟಾರ್! ಕೆಳಗ ಬಾ! ನಾ ಯಾವಾಗ ಸತ್ತೆ ಅದನ್ನ ಹೇಳು!"

ಮಾಮಾ ಕಟ್ಟೆಯ ಮೇಲಿಂದ ಬಗ್ಗಿ ನೋಡಿದ. ಹಾರ ಆಗಲೇ ಅವನ ಕಣ್ಣಿಗೆ ಬಿದ್ದದ್ದು.

"ಲೇ ದೋಸ್ತ, ನೋಡು, ನಾನೂ ಸತ್ತೀನಿ ಅದರಾಗ!"

"ನೀ ಸತ್ರ ಯಾರಿಗಿ ಬೇಕು! ನಾ ಇದ್ದೀನಿ ಅಂತ ಹುಮನಾಬಾದಿಗಿ ಯಾರು ಹೇಳೋರು?"

"ಮ್ಯಾಲೆ ಬಾ. ಬಾರ್ಸು. ಎಲ್ಲಾ ಹಾರ್ನೂ ಹಚ್ಚೀನಿ, ಹುಮನಾಬಾದ್ ತನಕಾ ಕೇಳಸ್ತದ."

ಕಾಕಾ ಫೋಟೋದಿಂದ ಹಾರವನ್ನು ಕಿತ್ತು, ತಮ್ಮ ಕೊರಳಿಗೇ ಹಾಕಿಕೊಂಡು, ಮೆಟ್ಟಿಲು ಹತ್ತಿದರು. ಅವರ ಹಿಂದೆ ನಾನು, ನನ್ನ ಹಿಂದೆ ಅರ್ಧ ಓಣಿ.

ಶುರುವಿಗೇ ತಾಳ ತಪ್ಪಿತು. ಯಾರೂ ನಗಲಿಲ್ಲ. ಕಾಕಾ ಹೇಳಿದ್ದು ನನಗೆ ಆಗ ಅರ್ಥವಾಯಿತು: ಮಾಮಾ ನಗಲಿಲ್ಲ, ಅದೇ ಕಷ್ಟವಾಗಿತ್ತು. ಕಾಕಾನ ಕೋಲು ನಿಧಾನವಾಯಿತು, ಇನ್ನೇನು ಕೆಳಗಿಡುತ್ತಾರೆ. ಆಗ ಮಾಮಾ ಕಾಲಿನಿಂದ ತನ್ನ ಆಂಪ್ಲಿಫೈಯರಿನ ವೈರನ್ನು ಒದ್ದು ಕಿತ್ತ. ಗಿಟಾರು ಮೂಕವಾಯಿತು.

"ಕರೆಂಟ್ ಹೋತಲೇ!" ಎಂದು ಕೂಗಿದ. "ನಾರಾಯಣಪುರ!"

ಕಾಕಾನ ಮುಖ ಮೊದಲು ಬೆಪ್ಪಾಯಿತು, ಆಮೇಲೆ ಅರಳಿತು. ಹೊಟ್ಟೆ ಕುಲುಕಿಸಿ ನಗುತ್ತಲೇ ಬಾರಿಸಿದರು. ಹೊಂದಿಸಿಕೊಳ್ಳಬೇಕಾದ ಗಿಟಾರು ಇಲ್ಲದ ಮೇಲೆ ತಪ್ಪುವುದಕ್ಕೆ ತಾಳವಾದರೂ ಎಲ್ಲಿ? ಅವರು ಹೊಡೆದದ್ದೇ ತಾಳ. ಒಂದೊಂದು ಪೆಟ್ಟಿಗೂ ಕೊರಳಿನ ಹಾರದಿಂದ ಚೆಂಡುಹೂವಿನ ಎಸಳು ಉದುರಿ ಡ್ರಮ್ಮಿನ ಮೇಲೆ ಪುಟಿಯುತ್ತಿದ್ದವು. ಮಾಮಾ ಮೂಕ ಗಿಟಾರು ಹಿಡಿದು ಫೋಟೋಕ್ಕೆ ನಿಂತವನ ಹಾಗೆ ನಿಂತಿದ್ದ. ಲಂಡನ್ನಿನಲ್ಲಿ ಪೊಲೀಸರು ಮಾಳಿಗೆ ಹತ್ತಿ ಬಂದಿದ್ದರಂತೆ. ನಮ್ಮಲ್ಲಿ ಮಾಮಾನ ಹೆಂಡತಿ, ನಮ್ಮತ್ತೆ, ಚುರುಮುರಿ ಸುಸಲಾದ ತಟ್ಟೆ ಹಿಡಿದು ಬಂದಳು. ಹೂವಿನ ಮೌಶಿಯೂ ಬಂದು, "ನೋಡ್ರಿ, ತುಂಬು ಹಾರ ಹ್ಯಾಂಗ ಕಾಣಸ್ತದ," ಎಂದಳು.

ಅವಳ ಹಾರ ಮಾಡಿದ್ದನ್ನು ನನ್ನ ಭಾಷಣ ಮಾಡಲಾಗಲಿಲ್ಲ. ಇದನ್ನು ದಾಖಲಿಸುತ್ತೇನೆ, ಒಪ್ಪಿಕೊಳ್ಳುವುದಿಲ್ಲ. ಹಾರವೂ ಒಂದು ವಾದ ಎಂದು ಇನ್ನೊಮ್ಮೆ ಎಲ್ಲಾದರೂ ಸಾಧಿಸಬಲ್ಲೆ.

ಟೆಂಪೋ ಹತ್ತುವಾಗ ಕಾಕಾ ಮಾಮಾನಿಗೆ ಹೇಳಿದರು: "ಗಿಟಾರ್ ಮಾರಬ್ಯಾಡ. ಮುಂದಿನ ವರ್ಷ ನಲವತ್ತೊಂದಕ್ಕ ಬರ್ತೀನಿ."

"ಕಾಕಾ," ಎಂದೆ ನಾನು, ಬಾಯಿ ತಡೆಯದೆ, "ನಲವತ್ತೊಂದಕ್ಕ ಯಾರೂ ಮಾಡಂಗಿಲ್ಲರಿ. ಐವತ್ತಕ್ಕ ಮಾಡ್ತಾರ."

ಅವರು ಎಸಳು ಅಂಟಿದ ಎರಡೂ ಕೈ ಎತ್ತಿ, ನನ್ನ ಮುಖದ ಮುಂದೆ ಹತ್ತೂ ಬೆರಳು ಅರಳಿಸಿದರು.

"ಯಾಕವ್ವ? ಹತ್ತಕ್ಕೇನು ಕೋಡು ಬಂದಾವೇನು? ನೀನ ಹೇಳೀದಿ."