ತಮ್ಮನ ಕಾರಿಗೆ ನಾನು ತಂದ ಹೂವು

ಗುಡಿಯಿಂದ ಮನೆಗೆ ಒಂದು ಹೂವು ತರಬೇಕಿತ್ತು. ನಾನು ತರಲಿಲ್ಲ. ಮಾಡದೆ ಹೋದ ಕೆಲಸ ಇಷ್ಟೇ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ದೊಡ್ಡ ಮೋಸ ಮಾಡಲು ದೊಡ್ಡ ಓದು ಬೇಕಾಗುತ್ತದೆ ಎಂದು ಆಗ ನಂಬಿದ್ದೆ. ಬೇಕಾಗಲಿಲ್ಲ.

ನಮ್ಮೂರು ಇಟ್ಟಮಡು. ಐವತ್ತರ ದಶಕದಲ್ಲಿ ಅದಿನ್ನೂ ಬೆಂಗಳೂರಿಗೆ ಸೇರಿರಲಿಲ್ಲ. ಕೆರೆ, ರಾಗಿ ಹೊಲ, ಒಂದಷ್ಟು ಹೆಂಚಿನ ಮನೆ. ಬಸವನಗುಡಿಗೆ ಹೊರಟವರೂ "ಬೆಂಗಳೂರಿಗೆ ಹೋಗ್ಬತ್ತೀನಿ" ಎಂದು ಹೇಳಿಯೇ ಹೊರಡುತ್ತಿದ್ದರು. ನಾನು ದಿನಾ ಬೆಳಿಗ್ಗೆ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಹಾಗೆ ಹೊರಡುತ್ತಿದ್ದೆ. ಮುಂದಿನ ಬಾರಿನ ಮೇಲೆ ನನ್ನ ತಮ್ಮ, ಅವನು ಎದೆಗವುಚಿಕೊಂಡ ಪುಸ್ತಕದ ಚೀಲ. ಅವನ ಹೈಸ್ಕೂಲು ಅಲ್ಲೇ ಇತ್ತು.

ನಾವು ಹಾಲು ಹಾಕುತ್ತಿದ್ದ ಒಂದು ಬಂಗಲೆಯಲ್ಲಿ ರಿಟೈರಾದ ಎಂಜಿನಿಯರೊಬ್ಬರಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ಕಣ್ಣು ಮಂಜಾಗಿತ್ತು. ಅವರಿಗಿದ್ದ ಒಂದೇ ಶೋಕಿ ಅಮೆರಿಕದ ಕಾರು. ಕಡು ಹಸಿರು ಬಣ್ಣ, ನಮ್ಮ ಪಡಸಾಲೆಯಷ್ಟು ಉದ್ದ, ಮೂತಿಯ ಮೇಲೆ ಬೆಳ್ಳಿಯಂತೆ ಹೊಳೆಯುವ ಹಕ್ಕಿ. ಅದರ ಕಂಪನಿಯ ಹೆಸರು ನನ್ನ ನಾಲಿಗೆಗೆ ಯಾವತ್ತೂ ಸರಿಯಾಗಿ ಹೊರಳಲಿಲ್ಲ. ಹಾಲು ಹಾಕಿದ ಮೇಲೆ ನಾನು ಅದನ್ನು ತೊಳೆಯುತ್ತಿದ್ದೆ. ತಮ್ಮ ವರಾಂಡದಲ್ಲಿ ಕೂತು ಮುದುಕರಿಗೆ ಇಂಗ್ಲಿಷ್ ಪೇಪರ್ ಓದಿ ಹೇಳುತ್ತಿದ್ದ. ಅವನು ತಪ್ಪು ಓದಿದರೆ ಅವರು ತಿದ್ದುತ್ತಿದ್ದರು. ನಾನು ತಪ್ಪು ತೊಳೆದರೆ ತಿದ್ದಲು ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಆದರೂ ನಾನು ತಪ್ಪು ತೊಳೆಯಲಿಲ್ಲ, ಅದನ್ನು ಇಲ್ಲಿ ಹೇಳಿಕೊಳ್ಳಬೇಕು. ಚಕ್ರದ ಕಡ್ಡಿಗಳ ಸಂದಿಗೆ ಬೇವಿನ ಕಡ್ಡಿ ಹಾಕಿ ಮಣ್ಣು ತೆಗೆಯುತ್ತಿದ್ದೆ. ಅವರ ಡ್ರೈವರು ಬಿಟ್ಟು ಹೋಗುವ ಮೊದಲು ನನಗೆ ಓಡಿಸುವುದನ್ನೂ ಕಲಿಸಿದ. ಐದು ವರ್ಷ ಆ ಕಾಂಪೌಂಡಿನೊಳಗೆ ಮುಂದಕ್ಕೆ ಹದಿನೈದು ಮಾರು, ಹಿಂದಕ್ಕೆ ಹದಿನೈದು ಮಾರು ಓಡಿಸಿದ್ದೇನೆ.

ತಮ್ಮ ಇಂಟರ್ ಓದುತ್ತಿದ್ದಾಗ ಮುದುಕರು ತೀರಿಕೊಂಡರು. ವಕೀಲರು ನಮ್ಮನ್ನು ಕರೆಸಿ ಉಯಿಲು ಓದಿದರು. ಕಾರು ನನ್ನ ತಮ್ಮನಿಗೆ, "ಅವನ ಓದಿಗಾಗಲಿ" ಎಂದು. ನನಗೆ ಕಾರು ಒರೆಸುವ ಚರ್ಮದ ಬಟ್ಟೆ ಮತ್ತು ಎರಡು ಬಕೆಟ್ಟು. ವಕೀಲರು ಅದನ್ನೂ ಗಂಭೀರವಾಗಿಯೇ ಓದಿದರು.

ಬಸವನಗುಡಿಯಿಂದ ಇಟ್ಟಮಡುವಿನವರೆಗೆ ನಾನೇ ಓಡಿಸಿಕೊಂಡು ಬಂದೆ. ಕಾಂಪೌಂಡಿನ ಆಚೆಗೂ ರಸ್ತೆ ಇದೆಯೆಂದು ಆ ಕಾರಿಗೂ ಮರೆತುಹೋಗಿದ್ದಂತಿತ್ತು, ಒಂದೊಂದು ತಿರುವಿನಲ್ಲೂ ಕೆಮ್ಮುತ್ತಿತ್ತು. ತಮ್ಮ ಹಿಂದಿನ ಸೀಟಿನ ಅಂಚಿನಲ್ಲಿ ಕೂತಿದ್ದ. ಊರಿನ ಓಣಿ ಎತ್ತಿನ ಗಾಡಿಗೆ ಹೇಳಿ ಮಾಡಿಸಿದ್ದು, ಎರಡೂ ಕಡೆ ಕತ್ತಾಳೆ ಬೇಲಿ ಕಡಿದು ಕಾರು ಒಳಗೆ ತಂದೆವು. ನಿಲ್ಲಿಸಲು ಜಾಗವಿದ್ದದ್ದು ಕೊಟ್ಟಿಗೆಯಲ್ಲಿ ಮಾತ್ರ. ಹಸುಗಳನ್ನು ಹುಣಸೆಮರದ ಕೆಳಗೆ ಕಟ್ಟಿದೆ.

"ಹಸ ಆಚೆ, ಕಾರು ಒಳಗೆ" ಎಂದಳು ಅವ್ವ. "ನಾಳೆ ಬೆಳಿಗ್ಗೆ ಕ್ಯಾನ್ ತಗೊಂಡೋಗಿ ಇದ್ರಲ್ಲೇ ಹಾಲ್ ಕರ್ಕಳ್ಳಿ."

ಆ ಬೇಸಿಗೆಯಲ್ಲಿ ತಮ್ಮ ಇಂಟರಿನಲ್ಲಿ ಮೊದಲ ದರ್ಜೆಯಲ್ಲಿ ಪಾಸಾದ. ಮೈಸೂರಿನಲ್ಲಿ ಡಾಕ್ಟರಿಕೆ ಓದಲು ಸೀಟು ಸಿಕ್ಕಿದೆಯೆಂದು ಕಾಗದ ಬಂತು. ನಮ್ಮೂರಲ್ಲಿ ಆಗ ಡಾಕ್ಟರು ಎಂದರೆ ಬನಶಂಕರಿ ಕಡೆಯಿಂದ ಬರುತ್ತಿದ್ದ ನಾಟಿ ಔಷಧಿಯವನು, ಅವನೂ ಹೆಚ್ಚಾಗಿ ದನಗಳಿಗೇ ಕೊಡುತ್ತಿದ್ದ. ಕಾಗದವನ್ನು ತಮ್ಮ ಎರಡು ಸಲ ಓದಿ, ಮಡಿಚಿ, ಅಪ್ಪನ ಮುಂದೆ ಇಟ್ಟ.

"ಕಾರು ಮಾರ್ಬಿಡಾನ ಅಪ್ಪ. ಐದು ವರ್ಷದ ಓದಿಗೆ ಆಯ್ತದೆ."

ಅವನು ಆಗಲೇ ಗಿರಾಕಿಯನ್ನೂ ಹುಡುಕಿದ್ದ. ಮರುದಿನ ಕಂಟೋನ್ಮೆಂಟಿನಿಂದ ಒಬ್ಬ ಸಾಹೇಬರು ಬಂದು ಕೊಟ್ಟಿಗೆಗೆ ಇಣುಕಿದರು. ಹಿಂದಿನ ಸೀಟಿನಲ್ಲಿ ನಮ್ಮ ಕೋಳಿ ಕಾವಿಗೆ ಕೂತಿತ್ತು.

"ಯಾ ಅಲ್ಲಾ! ಇದು ಕಾರಾ ಇಲ್ಲ ಕೋಳಿ ಗೂಡಾ, ಗೌಡ್ರೇ?" ಎಂದರು. ಆಮೇಲೆ ಬಾನೆಟ್ಟು ಎತ್ತಿ ನೋಡಿ ನಗು ನಿಲ್ಲಿಸಿದರು. "ಇದ್ನ ಯಾರು ನೋಡ್ಕೊಂಡಿದ್ದು?"

"ನಾನು" ಎಂದೆ.

"ಶಭಾಷ್ ಬೇಟಾ. ಕೂಸಿನಂಗೆ ಇಟ್ಟಿದ್ದೀಯ." ಶುಕ್ರವಾರದೊಳಗೆ ಹೇಳಿ, ಆಮೇಲೆ ಬೇರೆ ಗಾಡಿ ನೋಡುತ್ತೇನೆ ಎಂದು ಹೇಳಿ ಹೋದರು.

ಆ ಕಾರಿನ ವಿಷಯದಲ್ಲಿ ನನ್ನನ್ನು ಹೊಗಳಿದ ಮೊದಲ ಮನುಷ್ಯ ಅದನ್ನು ಕೊಂಡೊಯ್ಯಲು ಬಂದವನು.

ಅಪ್ಪನಿಗೆ ಬೇರೆ ಚಿಂತೆ. "ಸತ್ತೋರು ಕೊಟ್ಟ ವಸ್ತು ಕಣ್ಲಾ. ಮಾರ್ಕೊಂಡ್ರೆ ಆ ಜೀವ ನೊಂದ್ಕೊಂಡ್ರೆ?"

"ಓದಿಗಾಗ್ಲಿ ಅಂತ ಅವ್ರೇ ಬರ್ದವ್ರಲ್ಲಪ್ಪ" ಎಂದ ತಮ್ಮ.

"ಇಂಥ ಗಾಡಿ ಮತ್ತೆ ಸಿಗಾಕಿಲ್ಲ" ಎಂದು ನಾನು ನಡುವೆ ಬಾಯಿ ಹಾಕಿದೆ. "ಡಾಕ್ಟರಿಕೆ ಸೀಟು ಮುಂದಿನ್ ವರ್ಷಾನೂ ಸಿಗ್ತದೆ."

ತಮ್ಮ ನನ್ನ ಮುಖ ನೋಡಿದ. ಸಿಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲವೆಂದು ಅವನು ತಿಳಿದ.

"ಅಮ್ಮನ್ನ ಕೇಳಾನ" ಎಂದ ಅಪ್ಪ. ಅಲ್ಲಿಗೆ ಮಾತು ಮುಗಿಯಿತು. ನಮ್ಮ ಮನೆಯಲ್ಲಿ ಹೆಣ್ಣು ತರುವುದಿರಲಿ, ಬಾವಿ ತೆಗೆಸುವುದಿರಲಿ, ಗುಡಿಗೆ ಹೋಗಿ ಮನೆದೇವರಾದ ಅಮ್ಮನ ಹತ್ತಿರ ಹೂ ಪ್ರಸಾದ ಕೇಳುವುದು ಪದ್ಧತಿ. ಪೂಜಾರಿ ಅಮ್ಮನ ಎರಡೂ ಭುಜಕ್ಕೆ ನೀರಲ್ಲಿ ಅದ್ದಿದ ಹೂ ಅಂಟಿಸುತ್ತಾನೆ. ಯಾವ ಕಡೆಯದು ಮೊದಲು ಬೀಳುತ್ತದೋ ಅದೇ ಅವಳ ಮಾತು. ಬಿದ್ದ ಹೂವನ್ನು ಎಲೆಯಲ್ಲಿ ಸುತ್ತಿ ಕೊಡುತ್ತಾನೆ. ಅಪ್ಪನ ಮೊಣಕಾಲು ಆಗ ಊದಿಕೊಂಡಿತ್ತು, ವಸಂತಪುರದ ಆಚೆ ಇದ್ದ ನಮ್ಮ ಮನೆದೇವರ ಗುಡಿಯವರೆಗೆ ನಡೆಯಲಾರ. ತಮ್ಮನನ್ನು ಕಳಿಸಲಿಲ್ಲ, ಅವನಿಗೆ ಇದರಲ್ಲೆಲ್ಲ ನಂಬಿಕೆ ಕಡಿಮೆ. ನಂಬಿಕೆಯುಳ್ಳವನೆಂದು ನನ್ನನ್ನು ಕಳಿಸಿದರು.

"ಬಲಕ್ಕೆ ಕೆಂಪು ಕಣಗಿಲೆ ಇಡ್ಸು, ಎಡಕ್ಕೆ ಬಿಳೀದು" ಎಂದ ಅಪ್ಪ. "ಕೆಂಪು ಬಿದ್ರೆ ಮಾರಾದು. ಬಿಳೀದು ಬಿದ್ರೆ ಮಡಿಕಳಾದು. ಹೂ ನೋಡಿದ್ರೆ ನಂಗೇ ಗೊತ್ತಾಯ್ತದೆ, ಗೊಂದಲ ಬೇಡ."

ಮಂಗಳವಾರ ಬೆಳಿಗ್ಗೆ ಹೋದೆ. ಪೂಜಾರಿ ಮುದುಕ ಹೂ ಇಟ್ಟು, ಮಂಗಳಾರತಿ ಮಾಡಿ, ಕಂಬಕ್ಕೆ ಒರಗಿ ಕೂತ. ನಾನು ಕೈಮುಗಿದು ನಿಂತೆ. ಬಿಳಿ ಹೂವಿನ ಕಡೆಯೇ ನೋಡುತ್ತಿದ್ದೆ. ಅದು ಸ್ವಲ್ಪ ಜಾರಿತು, ನಿಂತಿತು. ಅಷ್ಟರಲ್ಲಿ ಕೆಂಪು ಹೂ ಸದ್ದಿಲ್ಲದೆ ಅಮ್ಮನ ಪಾದದ ಹತ್ತಿರ ಬಿದ್ದಿತ್ತು.

"ಬಲ ಆಯ್ತು ನೋಡಪ್ಪ, ಒಳ್ಳೇದು" ಎಂದು ಪೂಜಾರಿ ಅದನ್ನು ಎಲೆಯಲ್ಲಿ ಸುತ್ತಿ ಕೈಗಿಟ್ಟ.

ವಾಪಸು ಬರುವ ದಾರಿಯಲ್ಲಿ ಕೆರೆ ಏರಿಯ ಮೇಲೆ ಕಣಗಿಲೆ ಗಿಡಗಳ ಸಾಲಿತ್ತು. ಎಲ್ಲ ಬಿಳಿಯವೇ. ಹೋಗುವಾಗಲೂ ಇದ್ದವು, ಆಗ ನನಗೆ ಕಂಡಿರಲಿಲ್ಲ. ಸೈಕಲ್ ನಿಲ್ಲಿಸಿ ಒಂದನ್ನು ಕಿತ್ತೆ, ಇನ್ನೊಂದು ಎಲೆಯಲ್ಲಿ ಸುತ್ತಿದೆ. ಕೆರೆಯ ನೀರಿನಲ್ಲಿ ಅದ್ದಿ ಒದ್ದೆ ಮಾಡಿದ್ದು ನೆನಪಿದೆ. ಅಷ್ಟು ಮುತುವರ್ಜಿ ವಹಿಸಿದೆ. ಕೆಂಪು ಹೂವನ್ನು ಕೆರೆಗೆ ಎಸೆಯಲು ಮಾತ್ರ ಧೈರ್ಯ ಬರಲಿಲ್ಲ. ಅಮ್ಮನ ಮೈಮೇಲಿಂದ ಬಿದ್ದದ್ದು, ಎಸೆದರೆ ಪಾಪ ಬರುತ್ತದೆ! ಪಾಪಕ್ಕೆ ನಾನು ಅಷ್ಟು ಹೆದರುವ ಮನುಷ್ಯ. ಸೊಂಟದ ಪಂಚೆಗೆ ಸಿಕ್ಕಿಸಿಕೊಂಡು ಬಂದು, ಮೊದಲು ಕೊಟ್ಟಿಗೆಗೆ ಹೋಗಿ, ಕಾರಿನ ಮುಂದಿನ ಸೀಟಿನ ಎದುರಿಗಿದ್ದ ಸಣ್ಣ ಖಾನೆಯಲ್ಲಿ ಎಲೆ ಸಮೇತ ಇಟ್ಟು ಮುಚ್ಚಿದೆ. ಆಮೇಲೆ ಮನೆಯೊಳಗೆ ಹೋದೆ.

ಅಪ್ಪ ಬಿಳಿ ಹೂವನ್ನು ಎರಡು ಕಣ್ಣಿಗೂ ಒತ್ತಿಕೊಂಡ. "ಅಮ್ಮ ಬ್ಯಾಡ ಅಂದ್ಬುಟ್ಲು" ಎಂದ.

ತಮ್ಮ ಜಗಳ ಮಾಡುತ್ತಾನೆಂದು ಉತ್ತರಗಳನ್ನು ಸಿದ್ಧ ಮಾಡಿಕೊಂಡಿದ್ದೆ. ಅವನು ಹೂವನ್ನು ನೋಡಿದ, ಅಪ್ಪನ ಮುಖ ನೋಡಿದ. "ಸರಿ ಬಿಡಪ್ಪ" ಎಂದ. ಕುಡುಗೋಲು ತೆಗೆದುಕೊಂಡು ಹಸುಗಳಿಗೆ ಹುಲ್ಲು ತರಲು ಹೋದ. ಆ ದಿನ ಹುಲ್ಲು ತರುವ ಸರದಿ ನನ್ನದು.

ಸಾಹೇಬರು ಬೇರೆ ಗಾಡಿ ಕೊಂಡರು. ಸೀಟು ಬೇರೆಯವರಿಗೆ ಹೋಯಿತು. ತಮ್ಮ ಪೇಟೆಯ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿ ನನ್ನ ಹಳೇ ಸೈಕಲ್ಲಿನಲ್ಲಿ ಓಡಾಡತೊಡಗಿದ. ಇಡೀ ಕಾಲೇಜಿನಲ್ಲಿ ಅಮೆರಿಕದ ಕಾರಿದ್ದ ವಿದ್ಯಾರ್ಥಿ ಅವನೊಬ್ಬನೇ ಇರಬೇಕು. ಅದನ್ನು ಅವನು ಅಲ್ಲಿ ಯಾರಿಗೂ ಹೇಳಿರಲಿಲ್ಲ.

ಕಾರು ಮಾತ್ರ ಸುಖವಾಗಿತ್ತು, ನಾನೂ ಕೂಡ. ಸುತ್ತಲ ಊರುಗಳಲ್ಲಿ ಮದುವೆ ಎಂದರೆ ಗಂಡಿನ ಮೆರವಣಿಗೆಗೆ ನಮ್ಮ ಕಾರು. ಅವರು ಪೆಟ್ರೋಲು ಹಾಕಿಸುತ್ತಿದ್ದರು, ಅದು ಬಾಯಾರಿದ ಎಮ್ಮೆಯಂತೆ ಕುಡಿಯುತ್ತಿತ್ತು. ನನಗೆ ಎಲೆಯಡಿಕೆ, ತೆಂಗಿನಕಾಯಿ, ಒಂದು ಟವೆಲ್ಲು. ಟ್ರಂಕಿನ ತುಂಬ ಟವೆಲ್ಲು ಸೇರಿದವು. "ಡ್ರೈವರಣ್ಣ, ಮೊದ್ಲು ನಿಮ್ಗೆ ಎಲೆ ಹಾಕ್ತೀವಿ ಬನ್ನಿ" ಎಂದು ಗೌಡರುಗಳೇ ಕರೆಯುತ್ತಿದ್ದರು. ಹಾಲು ಹಾಕುವವನನ್ನು ಯಾರೂ ಹಾಗೆ ಕರೆದಿರಲಿಲ್ಲ.

ಒಂದು ಸಲ ಮದುವೆ ಗಂಡನ್ನು ಕೂರಿಸಿಕೊಂಡು ಕನಕಪುರ ರಸ್ತೆಯಲ್ಲಿ ಬರುತ್ತಿದ್ದೆ. ಹಿಂದಿನ ದಿನ ಮಳೆಯಾಗಿತ್ತು. ಮುಂದೆ ಒಬ್ಬ ಸೈಕಲ್ಲಿನವನು ಹೋಗುತ್ತಿದ್ದ, ಹಾರನ್ ಹೊಡೆದೆ, ಪಕ್ಕಕ್ಕೆ ಸರಿದ. ಗುಂಡಿಯ ಕೆಸರು ಪೂರ್ತಿ ಅವನ ಬಿಳಿ ಷರ್ಟಿಗೆ ಹಾರಿತು. ದಾಟುವಾಗ ನೋಡಿದೆ, ನನ್ನ ತಮ್ಮ. ಅವನು ಕೈಯಿಂದ ಕನ್ನಡಕ ಒರೆಸಿಕೊಂಡು ನಮ್ಮ ಕಡೆ ನೋಡಿ ನಕ್ಕ.

"ಯಾರಣ್ಣ ಅದು? ಗುರ್ತಾ?" ಎಂದು ಮದುವೆ ಗಂಡು ಕೇಳಿದ.

"ನಮ್ಮೂರ ಹುಡ್ಗ" ಎಂದೆ.

ಕಾರಿನ ಯಜಮಾನ ಅವನೇ ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ಹೇಳಿದ್ದರೆ ಮದುವೆ ಗಂಡಿನ ಮುಂದೆ ನಾನು ಬರೀ ಡ್ರೈವರಾಗಿ ಉಳಿಯುತ್ತಿದ್ದೆ. ನಾನು ಬರೀ ಡ್ರೈವರೇ ಆಗಿದ್ದೆ, ಅದು ಬೇರೆ ಮಾತು. ಮನೆಗೆ ಬಂದಾಗ ತಮ್ಮ ಬಾವಿಕಟ್ಟೆಯಲ್ಲಿ ಷರ್ಟು ಒಗೆಯುತ್ತಿದ್ದ. "ಗಾಡಿ ಚೆನ್ನಾಗ್ ಓಡ್ತೈತೆ ಅಲ್ವಾಣ್ಣ" ಎಂದ, ಅಷ್ಟೇ.

ಬಿ.ಎಸ್ಸಿ. ಮುಗಿಸಿ ಅವನು ಜಯನಗರದಲ್ಲಿ ಹೊಸದಾಗಿ ತೆರೆದ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಡಾಕ್ಟರುಗಳು ಬರೆದುಕೊಟ್ಟ ಚೀಟಿ ಓದಿ ಮಾತ್ರೆ ಕೊಡುವ ಕೆಲಸ. ಆ ಅಕ್ಷರ ಅವನಿಗೊಬ್ಬನಿಗೇ ಅರ್ಥವಾಗುತ್ತಿತ್ತಂತೆ. ಊರಿನಲ್ಲಿ ಯಾರಿಗೆ ಜ್ವರ ಬಂದರೂ ಅವನನ್ನೇ ಕೇಳುತ್ತಿದ್ದರು. ಎಲ್ಲರೂ "ಡಾಕ್ಟ್ರೇ" ಎಂದು ಕರೆಯುವುದು ರೂಢಿಯಾಯಿತು. ಪ್ರೀತಿಯಿಂದಲೇ ಕರೆಯುತ್ತಿದ್ದರು. ಹಾಗೆ ಕರೆದಾಗಲೆಲ್ಲ ನಾನು ಯಾವುದಾದರೂ ಕೆಲಸ ನೆನಪು ಮಾಡಿಕೊಂಡು ಎದ್ದು ಹೋಗುತ್ತಿದ್ದೆ.

ಅಪ್ಪ ತನ್ನ ಕೊನೆಯ ದಿನಗಳಲ್ಲೂ ಅವನಿಗೆ ಸಮಾಧಾನ ಹೇಳುತ್ತಿದ್ದ. "ಬೇಜಾರ್ ಮಾಡ್ಕೋಬ್ಯಾಡ ಚಿಕ್ಕೋನೇ. ಅಮ್ಮನ ಚಿತ್ತ." ನಾನು ಪಕ್ಕದಲ್ಲೇ ಕೂತು ಅಪ್ಪನ ಕಾಲು ಒತ್ತುತ್ತಿದ್ದೆ. ಆ ಮಾತನ್ನು ಸರಿಪಡಿಸಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ನಾನು ಇನ್ನೂ ಸ್ವಲ್ಪ ಜೋರಾಗಿ ಒತ್ತಿದೆ.

ಅರವತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಕಾರಿನ ಎಂಜಿನ್ನು ನಿಂತುಹೋಯಿತು. ಅದಕ್ಕೆ ಬೇಕಾದ ಸಾಮಾನು ಈ ದೇಶದಲ್ಲೇ ಇಲ್ಲವೆಂದರು. ಮತ್ತೆ ಕೋಳಿಗಳು ಬಂದವು. ಕೊನೆಗೆ ಒಂದು ಭಾನುವಾರ, ತಮ್ಮನಿಗೆ ರಜವಿದ್ದ ದಿನ, ಗುಜರಿಯವನನ್ನು ಕರೆಸಿದೆವು. ಅವನು ಸುತ್ತ ಒಂದು ಸಲ ತಿರುಗಿ, ತಗಡನ್ನು ಬೆರಳಿನಿಂದ ತಟ್ಟಿ ನೋಡಿದ. ಕಾಗದದಲ್ಲಿ ತಮ್ಮನ ಹೆಸರು ಓದಿ ಅವನ ಕಡೆ ತಿರುಗಿದ.

"ತೂಕದ ಲೆಕ್ಕಕ್ಕೇ ಸಾರ್ ಇದು. ಕೊಡ್ತೀರಾ?"

"ಅಣ್ಣನ್ನ ಕೇಳಿ" ಎಂದ ತಮ್ಮ.

"ಗಾಡಿ ನಿಮ್ದಲ್ವಾ ಸಾರ್?"

"ಹೆಸ್ರಿಗೆ ನಂದು. ಗಾಡಿ ನಮ್ಮಣ್ಣಂದೇ. ಅವ್ರೇ ಸಾಕಿದ್ದು. ನಾನ್ ಓದ್ಲಿ ಅಂತ ಅವ್ರು ಸ್ಕೂಲೂ ಬಿಟ್ರು, ಗೊತ್ತಾ?"

ನಾನು ಸ್ಕೂಲು ಬಿಟ್ಟದ್ದು ಮಗ್ಗಿ ಬಾರದೆ ಮೇಷ್ಟ್ರು ಹೊಡೆದರೆಂದು. ಇವನಿಗೆ ಆ ಕತೆ ಯಾರು ಹೇಳಿದರೋ. ಬಹುಶಃ ನಾನೇ ಹೇಳಿರಬೇಕು.

ಗುಜರಿಯವನು ಸೀಟಿನ ಕೆಳಗೆ, ಖಾನೆಯೊಳಗೆ ಕೈ ಹಾಕಿ ಸಿಕ್ಕಿದ್ದನ್ನೆಲ್ಲ ನೆಲದ ಮೇಲೆ ಇಡುತ್ತಾ ಹೋದ. ಒಂದು ಬಾಚಣಿಗೆ, ಯಾವುದೋ ಮದುವೆಯ ಬಾಸಿಂಗದ ಚೂರು, ನನ್ನ ಚರ್ಮದ ಬಟ್ಟೆ. ಕೊನೆಗೆ ಒಣಗಿ ಕಂದಿದ ಎಲೆಯ ಪೊಟ್ಟಣ. ತಮ್ಮ ಅದನ್ನು ಎತ್ತಿಕೊಂಡು ಬಿಚ್ಚಿದ. ಹೂ ಕಪ್ಪಾಗಿತ್ತು, ಅಂಚಿನಲ್ಲಿ ಮಾತ್ರ ಕೆಂಪು ಉಳಿದಿತ್ತು.

"ಯಾವ್ದೋ ಆಯುಧಪೂಜೆದು ಇರ್ಬೇಕು" ಎಂದು ತಿಪ್ಪೆಯ ಕಡೆ ಕೈ ಎತ್ತಿದ.

ಅವನ ಮಣಿಕಟ್ಟು ಹಿಡಿದೆ. ಗುಜರಿಯವನು ನಮ್ಮಿಬ್ಬರನ್ನೂ ನೋಡುತ್ತಾ ನಿಂತ. ಅವನು ಹೋಗಲಿ ಎಂದು ಕಾಯಬಹುದಿತ್ತು. ಕಾಯುತ್ತಾ ಕೂತರೆ ಏನಾಗುತ್ತದೆಂದು ನನಗೆ ಗೊತ್ತಿತ್ತು, ಅಷ್ಟು ವರ್ಷ ಅದನ್ನೇ ಮಾಡಿದ್ದೆ.

"ಎಸೀಬ್ಯಾಡ ಚಿಕ್ಕೋನೇ. ಅವತ್ತು ಗುಡೀಲಿ ಬಿದ್ದಿದ್ದು ಈ ಹೂವೇ ಕಣಪ್ಪ. ಕೆಂಪೇ ಬಿದ್ದಿದ್ದು. ಅಮ್ಮ ಮಾರು ಅಂದಿದ್ಲು. ಬಿಳೀದು ನಾನು ಕೆರೆ ಏರಿ ಮೇಲೆ ಕಿತ್ಕೊಂಡ್ ಬಂದಿದ್ದು. ಈ ತಗಡಿನ ಆಸೇಗೆ ನಿನ್ನ ಡಾಕ್ಟರಿಕೆ ತಿಂದ್ಬಿಟ್ಟೆ. ನಿನ್ನ ಕಾಲಿಗ್ ಬೀಳ್ತೀನಿ, ತಪ್ಪಾಯ್ತು ಕಣೋ, ನಂದು ತಪ್ಪಾಯ್ತು."